ಡಮಾಮಿ, ಮರ್ಫಾ ಮತ್ತು ಬೀದಿಕುಣಿತ: ಆಫ್ರಿಕಾ ಮೂಲದ ನೃತ್ಯಗಳ ಬೆರಕೆಯನ್ನು ಕುರಿತು

1. ಪೀಠಿಕೆ

ಒಂದು ನೃತ್ಯಪದ್ಧತಿಯನ್ನು ಮತ್ತೊಂದರೊಡನೆ ಕೂಡಿಸಿ ರಂಗಕ್ಕೆ ತರುವ ಪ್ರಯತ್ನಗಳನ್ನೆಲ್ಲ ‘ಫ್ಯೂಷನ್’ ಎಂಬ ಒಂದೇ ಮಾತಿನಿಂದ ಕರೆಯುವ ರೂಢಿ ಕಳೆದ ಎರಡು ಮೂರು ದಶಕಗಳಲ್ಲಿ ಬೆಳೆದು ಬಂದಿದೆ. ಈ ಮಾತು ಪ್ರಯೋಗವನ್ನು ಮೆಚ್ಚುವುದಕ್ಕೂ ತಳ್ಳಿಹಾಕುವುದಕ್ಕೂ ಸಮನಾಗಿ ಒದಗುತ್ತದೆ. ಬೆರಕೆ ಹೇಗೆ ಆಗಿದೆ, ಎಲ್ಲಿ ಕೂಡಿದೆ, ಎಲ್ಲಿ ಕೂಡದೆ ಉಳಿದಿದೆ ಎಂಬುದನ್ನು ಹೇಳುವುದಕ್ಕೆ ಮಾತ್ರ ಅದು ಒದಗುವುದಿಲ್ಲ. ಆಫ್ರಿಕಾ ಮೂಲದ ಸಮುದಾಯಗಳ ಕುಣಿತಗಳು ಸಮಕಾಲೀನ ನೃತ್ಯದೊಡನೆ ಮತ್ತು ಬೀದಿಶೈಲಿಗಳೊಡನೆ ಕೂಡುವ ಸಂದರ್ಭದಲ್ಲಿ ಈ ಕೊರತೆ ಹೆಚ್ಚು ಎದ್ದು ಕಾಣುತ್ತದೆ. ಅಲ್ಲಿ ಬೆರೆಯುವುದು ಹೆಜ್ಜೆಗಳಷ್ಟೇ ಅಲ್ಲ, ಒಂದು ಸಮುದಾಯದ ಗುರುತೂ ಅದರ ಜೊತೆಗೆ ಪಣಕ್ಕೆ ಬೀಳುತ್ತದೆ.

ಬೆರಕೆಯನ್ನು ಕುರಿತ ವಿಚಾರ ಕನ್ನಡಕ್ಕೆ ಹೊಸದಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅಂದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಯ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕವಿರಾಜಮಾರ್ಗವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಅರಿಯದೆ ಸಮಾಸಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಹೋಲಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಗ್ರಂಥವು ಕನ್ನಡದೊಳಗೆ ಸಂಸ್ಕೃತ ಪದಗಳು ಬರುವುದನ್ನು ಆಕ್ಷೇಪಿಸುವುದಿಲ್ಲ. ಸ್ವತಃ ಅವುಗಳನ್ನು ಧಾರಾಳವಾಗಿ ಬಳಸುತ್ತದೆ. ಆಕ್ಷೇಪವಿರುವುದು ಎರಡು ಪದಗಳು ಒಂದಾಗುವ ಬೆಸುಗೆಯ ಜಾಗದಲ್ಲಿ, ಎರಡರ ಸ್ವಭಾವವನ್ನೂ ತಿಳಿಯದೆ ಮಾಡುವ ಜೋಡಣೆಗೆ. ಅರಿಸಮಾಸವೆಂದು ಹೆಸರಾದ ಈ ವಿಚಾರವನ್ನು ನೃತ್ಯವಿಮರ್ಶೆಗೆ ಒಂದು ಅಳತೆಗೋಲಾಗಿ ತಂದುಕೊಳ್ಳಬಹುದು. ಹೆಜ್ಜೆಗಳು ಪದಗಳಿದ್ದಂತೆ, ಅವು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತವೆ. ಬಡಿತಕ್ಕೂ ಪಾದಕ್ಕೂ, ಬಾರಿಸುವವನಿಗೂ ಕುಣಿಯುವವನಿಗೂ ಇರುವ ಸಂಬಂಧವೇ ಬೆಸುಗೆಯ ಜಾಗ. ಆಫ್ರಿಕಾ ಮೂಲದ ಕುಣಿತಗಳ ಬೆರಕೆಯನ್ನು ಈ ಜಾಗದಲ್ಲಿ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕನ್ನಡ ನೆಲದಲ್ಲಿ ಆಫ್ರಿಕಾದ ಎರಡು ಕವಲುಗಳು

ಕರ್ನಾಟಕಕ್ಕೆ ಆಫ್ರಿಕಾದ ಜನ ಬಂದ ದಾರಿ ಒಂದೇ ಅಲ್ಲ. ಮೊದಲನೆಯ ಕವಲು ದಖನ್ನಿನ ಆಸ್ಥಾನಗಳದು. 1347ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಆರಂಭವಾದ ಬಹಮನಿ ರಾಜ್ಯದಲ್ಲಿ ಹಬಶಿಗಳು ಸೈನಿಕರಾಗಿ, ಸೇವಕರಾಗಿ, ಮುಂದೆ ಸರದಾರರಾಗಿ ನೆಲೆಗೊಂಡರು. ದಖನಿ ಮತ್ತು ಅಫಾಕಿ ಎಂಬ ಎರಡು ಬಣಗಳ ಪೈಪೋಟಿಯಲ್ಲಿ ಹಬಶಿಗಳು ಬಹುಮಟ್ಟಿಗೆ ದಖನಿಗಳ ಪಕ್ಷದಲ್ಲಿದ್ದರು. ಬೀದರಿನ ಹಬಶಿಕೋಟ್ ಎಂಬ ಗುಡ್ಡದ ಮೇಲಿನ ಗೋರಿಗಳು ಆ ಕಾಲದ ಸಾಕ್ಷಿಯಾಗಿ ಉಳಿದಿವೆ. ವಿಜಯಪುರದ ಆದಿಲಶಾಹಿಯಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್ ಮುಂತಾದ ಹಬಶಿ ಪ್ರಮುಖರು ಅಧಿಕಾರ ನಡೆಸಿದರು. ಅಹಮದ್‌ನಗರದ ನಿಜಾಮಶಾಹಿಯನ್ನು ಮೊಗಲರ ಎದುರು ಎತ್ತಿಹಿಡಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡನು. ಈ ಕವಲಿನ ಬಹುಪಾಲು ಜನ ಕಾಲಕ್ರಮದಲ್ಲಿ ದಖನಿ ಮುಸ್ಲಿಂ ಸಮಾಜದೊಳಗೆ ಕರಗಿದರು.

ಎರಡನೆಯ ಕವಲು ಘಟ್ಟದ ಕಾಡಿನದು. ಪೋರ್ಚುಗೀಸರು ಪೂರ್ವ ಆಫ್ರಿಕಾದ ಕರಾವಳಿಯಿಂದ, ಅದರಲ್ಲೂ ಮೊಜಾಂಬಿಕ್ ಭಾಗದಿಂದ, ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮೊದಲಾದ ತಾಲ್ಲೂಕುಗಳಲ್ಲಿರುವ ಸಿದ್ದಿಗಳಲ್ಲಿ ಬಹುಪಾಲು ಈ ಕವಲಿಗೆ ಸೇರಿದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿ ಹಂಚಿಹೋಗಿರುವ ಇವರು ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳನ್ನು ಊರಿಗೆ ತಕ್ಕಂತೆ ಆಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಈ ಮಾನ್ಯತೆ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. 2011ರ ಹೊತ್ತಿಗೆ ಪ್ರಕಟವಾದ ತಳಿವಿಜ್ಞಾನದ ಅಧ್ಯಯನಗಳು ಸಿದ್ದಿಗಳಲ್ಲಿ ಆಫ್ರಿಕಾದ ಮೂಲದೊಡನೆ ಭಾರತೀಯ ಮತ್ತು ಐರೋಪ್ಯ ಅಂಶಗಳೂ ಸೇರಿರುವುದನ್ನು ತೋರಿಸಿವೆ. ಅಂದರೆ ಬೆರಕೆ ಎಂಬುದು ಈ ಸಮುದಾಯಕ್ಕೆ ರಂಗದ ಮೇಲೆ ಮೊದಲು ಎದುರಾದ ಸಂಗತಿಯಲ್ಲ. ಅದು ಇವರ ಚರಿತ್ರೆಯೇ ಆಗಿದೆ.

3. ಡಮಾಮಿ ಮತ್ತು ಪುಗಡಿ

ಸಿದ್ದಿಗಳ ಕುಣಿತಗಳಲ್ಲಿ ಡಮಾಮಿ ಮುಖ್ಯವಾದದ್ದು. ಡಮಾಮ್ ಎಂಬ ಎರಡು ಮುಖದ ಚರ್ಮವಾದ್ಯ ಇದಕ್ಕೆ ಆಧಾರ. ಸುಗ್ಗಿ, ಮದುವೆ, ಹಬ್ಬ, ಹಿರಿಯರ ಪೂಜೆ ಮುಂತಾದ ಸಂದರ್ಭಗಳಲ್ಲಿ ದುಡಿತ ಮುಗಿದ ಮೇಲೆ ಜನ ಸೇರಿ ಹಾಡುತ್ತ ಬಾರಿಸುತ್ತ ಕುಣಿಯುತ್ತಾರೆ. ಪ್ರಾಣಿಗಳ ಅನುಕರಣೆ, ಬೇಟೆಯ ನೆನಪು, ಊರಿನವರ ನಡೆನುಡಿಯ ಅಣಕ ಇವೆಲ್ಲ ಅದರೊಳಗೆ ಸೇರಿಕೊಳ್ಳುತ್ತವೆ. ಮೊಣಕಾಲು ಬಾಗಿ, ಮುಂಡ ಮುಂದಕ್ಕೆ ವಾಲಿ, ಭಾರವೆಲ್ಲ ನೆಲಕ್ಕಿಳಿಯುವ ನಿಲುವು ಇದರದು. ಭರತನಾಟ್ಯದ ಅರೆಮಂಡಿಯಲ್ಲಿಯೂ ಮೊಣಕಾಲು ಬಾಗುತ್ತದೆ. ಆದರೆ ಅಲ್ಲಿ ಬೆನ್ನು ನೆಟ್ಟಗಿದ್ದು ದೇಹವು ಒಂದೇ ನಡುಗೆರೆಯನ್ನು ಕಾಯುತ್ತದೆ. ಡಮಾಮಿಯಲ್ಲಿ ಭುಜ, ಸೊಂಟ, ಪಾದಗಳು ಬೇರೆ ಬೇರೆ ಕೇಂದ್ರಗಳಿಂದ ಚಲಿಸುತ್ತವೆ. ಅಮೆರಿಕದ ನೃತ್ಯವಿದ್ವಾಂಸೆ ಬ್ರೆಂಡಾ ಡಿಕ್ಸನ್ ಗಾಟ್ಸ್‌ಚೈಲ್ಡ್ 1996ರ ತಮ್ಮ ಕೃತಿಯಲ್ಲಿ ಆಫ್ರಿಕಾ ಮೂಲದ ಕುಣಿತಗಳ ಲಕ್ಷಣವೆಂದು ಗುರುತಿಸಿದ ಬಹುಕೇಂದ್ರೀಯತೆ ಮತ್ತು ಬಹುಲಯಗಳು ಇಲ್ಲಿಯೂ ಕಾಣುತ್ತವೆ.

ಆದರೆ ಇದರಿಂದ ಡಮಾಮಿಯು ಆಫ್ರಿಕಾದಿಂದ ಹಾಗೆಯೇ ಉಳಿದು ಬಂದ ಕುಣಿತ ಎಂಬ ತೀರ್ಮಾನಕ್ಕೆ ಬರಲಾಗದು. ವಾದ್ಯದ ಹೆಸರನ್ನೇ ನೋಡಬಹುದು. ‘ದಮಾಮಾ’ ಎಂಬುದು ನಗಾರಿಯನ್ನು ಸೂಚಿಸುವ ಪರ್ಶಿಯನ್ ಪದ; ದಖನ್ನಿನ ಆಸ್ಥಾನಗಳಲ್ಲಿಯೂ ಅದು ಬಳಕೆಯಲ್ಲಿತ್ತು. ಆಫ್ರಿಕಾ ಮೂಲದವರು ನೆಲೆಸಿರುವ ಇರಾನಿನ ಬುಶೆಹರ್ ಬಂದರಿನಲ್ಲಿ ‘ದಮಾಮ್’ ಎಂಬ ಎರಡು ಮುಖದ ವಾದ್ಯವನ್ನು ಮೊಹರಂ ಸಂದರ್ಭದಲ್ಲಿ ಬಾರಿಸುತ್ತಾರೆ. ಇಂಥ ಹೋಲಿಕೆಗಳಿಂದ ಹುಟ್ಟಿನ ಊರನ್ನು ನಿರ್ಧರಿಸಲಾಗದಿದ್ದರೂ, ಸಿದ್ದಿಗಳ ವಾದ್ಯವು ಹಿಂದೂ ಮಹಾಸಾಗರದ ಹಲವು ದಡಗಳ ನಂಟನ್ನು ಹೊತ್ತಿದೆ ಎನ್ನಬಹುದು. ಪುಗಡಿಯ ವಿಷಯ ಇನ್ನೂ ಸ್ಪಷ್ಟ. ಹೆಂಗಸರು ಕೈಕೈ ಹಿಡಿದು, ಬಾಯಿಂದ ‘ಫೂ’ ಎಂದು ಉಸಿರು ಬಿಡುತ್ತ ಗಿರಗಿರನೆ ಸುತ್ತುವ ಫುಗಡಿಯು ಗೋವೆ ಮತ್ತು ಕೊಂಕಣದ ಎಲ್ಲ ಕಡೆ ಇರುವ ಆಟ. ಸಿದ್ದಿ ಹೆಂಗಸರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಆದ್ದರಿಂದ ಸಿದ್ದಿ ನೃತ್ಯದಲ್ಲಿ ಶುದ್ಧವಾದ ಆಫ್ರಿಕಾವನ್ನು ಹುಡುಕುವುದು ಸಿದ್ದಿಗಳ ಐದು ಶತಮಾನಗಳ ಬದುಕನ್ನು ಬದಿಗಿಟ್ಟು ನೋಡಿದಂತಾಗುತ್ತದೆ.

ಇಲ್ಲಿ ಉಳಿದುಬಂದಿರುವುದು ಹೆಜ್ಜೆಗಳ ಪಟ್ಟಿಗಿಂತ ಹೆಚ್ಚಾಗಿ ಒಂದು ಕ್ರಮ. ಕುಣಿಯುವವರು, ಬಾರಿಸುವವರು, ಸುತ್ತ ನಿಂತವರು ಒಂದೇ ವೃತ್ತದೊಳಗಿದ್ದು, ಯಾರು ಯಾವಾಗ ಬೇಕಾದರೂ ಪಾತ್ರ ಬದಲಿಸಬಹುದು. ಬಡಿತ ಏರಿದಾಗ ಕುಣಿಯುವವರು ಏರುತ್ತಾರೆ. ಕುಣಿಯುವವರು ಒಂದು ತಮಾಷೆಯ ಚಲನೆ ತೋರಿದಾಗ ಬಾರಿಸುವವರು ಅದಕ್ಕೆ ಉತ್ತರ ಕೊಡುತ್ತಾರೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ‘ಗೋಮಾ’ ಎಂದು ಕರೆಯುತ್ತಾರೆ. ಇದಕ್ಕೆ ಸ್ವಾಹಿಲಿಯ ‘ಎನ್‌ಗೋಮಾ’ ಎಂಬ ಪದದೊಡನೆ ಸಂಬಂಧವಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಪದಕ್ಕೆ ಚರ್ಮವಾದ್ಯ, ಕುಣಿತ, ಕೂಟ ಮೂರೂ ಅರ್ಥಗಳಿವೆ. ಈ ಮೂರನ್ನು ಬೇರೆ ಮಾಡದಿರುವುದೇ ಈ ಪರಂಪರೆಯ ವ್ಯಾಕರಣ.

4. ಉತ್ಸವದ ವೇದಿಕೆ

ಕಳೆದ ಕೆಲವು ದಶಕಗಳಲ್ಲಿ ಡಮಾಮಿಯು ಮೈಸೂರು ದಸರಾ ಮೆರವಣಿಗೆಯೂ ಸೇರಿದಂತೆ ಹಲವು ಉತ್ಸವಗಳಲ್ಲಿ ಪರಿಚಿತವಾದ ದೃಶ್ಯವಾಗಿದೆ. ಇದರಿಂದ ಕಲಾವಿದರಿಗೆ ಸಂಭಾವನೆ, ಪ್ರಯಾಣ, ಗುರುತು ದೊರೆತಿವೆ. ಅದನ್ನು ಕಡೆಗಣಿಸುವಂತಿಲ್ಲ. ಆದರೆ ಉತ್ಸವವು ಕುಣಿತದ ಮೇಲೆ ಹೇರಿದ ಬದಲಾವಣೆಗಳನ್ನೂ ಪರಿಶೀಲಿಸಬೇಕು. ಗಂಟೆಗಟ್ಟಲೆ ನಡೆಯುವ ಕೂಟವು ಕೆಲವೇ ನಿಮಿಷಗಳ ಅವಧಿಗೆ ಇಳಿಯುತ್ತದೆ. ವೃತ್ತವು ಬಿಚ್ಚಿಕೊಂಡು ಪ್ರೇಕ್ಷಕರತ್ತ ಮುಖಮಾಡಿದ ಸಾಲಾಗುತ್ತದೆ. ಊರಿನಲ್ಲಿ ದಿನನಿತ್ಯದ ಸೀರೆ, ಪಂಚೆ, ಅಂಗಿಯಲ್ಲಿ ಕುಣಿಯುವವರು ವೇದಿಕೆಯಲ್ಲಿ ಸೊಪ್ಪಿನ ಉಡುಗೆ ತೊಟ್ಟು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ. ಅಣಕದ ಭಾಗಕ್ಕೆ ಊರಿನ ಪರಿಚಯ ಬೇಕಾದ್ದರಿಂದ ಅದು ಮೊದಲು ಬಿದ್ದುಹೋಗುತ್ತದೆ. ಆರ್ಭಟ ಮಾತ್ರ ಉಳಿಯುತ್ತದೆ.

ಸೊಪ್ಪಿನ ಉಡುಗೆಯು ಯಾರ ಕಲ್ಪನೆಯ ಆಫ್ರಿಕಾ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆಯಲು ಹೋರಾಡಿದ ವರ್ಷಗಳಲ್ಲಿ ಪ್ರತ್ಯೇಕ ಸಂಸ್ಕೃತಿಯನ್ನು ತೋರಿಸುವುದು ಅನಿವಾರ್ಯವಾಗಿತ್ತು. ಕುಣಿತವು ಆಗ ಒಂದು ಬಗೆಯ ದಾಖಲೆಯಾಗಿ ಕೆಲಸ ಮಾಡಿತು. ಹೀಗೆ ನೋಡಿದಾಗ ವೇಷವನ್ನು ಸಮುದಾಯದ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅದು ನೋಡುವವರ ನಿರೀಕ್ಷೆಯನ್ನು ಬಲ್ಲವರು ಮಾಡಿಕೊಂಡ ಒಪ್ಪಂದ. ಆದರೆ ಆ ಒಪ್ಪಂದದ ಬೆಲೆ ದೊಡ್ಡದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ತರಬೇತುಗೊಳಿಸುವ ಯೋಜನೆ ಆರಂಭಿಸಿತು. ಆಫ್ರಿಕಾ ಮೂಲದ ದೇಹಕ್ಕೆ ಓಟ ಸಹಜವಾಗಿ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಅದು ನಿಂತುಹೋದಾಗ ಹಲವು ಮಕ್ಕಳು ಅರ್ಧ ದಾರಿಯಲ್ಲಿ ಉಳಿದರು. ಸೊಪ್ಪಿನ ಉಡುಗೆಯ ಕುಣಿತವನ್ನು ‘ಸಹಜ ಲಯ’ ಎಂದು ಹೊಗಳುವ ಮಾತಿನ ಹಿಂದೆ ಇರುವುದೂ ಇದೇ ನಂಬಿಕೆ. ಕಲಿಕೆಯಿಂದ, ಕೇಳ್ಮೆಯಿಂದ, ಹಿರಿಯರ ತಿದ್ದುಪಡಿಯಿಂದ ಬಂದ ವಿದ್ಯೆಯನ್ನು ರಕ್ತದ ಗುಣವೆಂದು ಕರೆದಾಗ ಕಲಾವಿದನು ಕಲಾವಿದನಾಗಿ ಉಳಿಯುವುದಿಲ್ಲ.

ಗುಜರಾತಿನಲ್ಲಿಯೂ ಇಂಥದೇ ಬೆಳವಣಿಗೆ ಆಗಿದೆ. ರತನಪುರದ ಬಾವಾ ಗೋರ್ ದರ್ಗಾದ ಭಕ್ತಿಯೊಡನೆ ಸೇರಿಕೊಂಡಿರುವ ಧಮಾಲ್ ಕುಣಿತದಲ್ಲಿ ತೆಂಗಿನಕಾಯಿಯನ್ನು ಮೇಲಕ್ಕೆಸೆದು ತಲೆಯಿಂದ ಒಡೆಯುವ ಒಂದು ಘಟ್ಟವಿದೆ. ವೇದಿಕೆಯಲ್ಲಿ ಅದೇ ಇಡೀ ಕುಣಿತದ ತುದಿಯಾಗಿ, ಮಲುಂಗಾ ಎಂಬ ಬಿಲ್ಲುವಾದ್ಯದ ಮೆಲುದನಿ ಹಿಂದೆ ಸರಿದಿದೆ.

5. ಬೇರೆ ದಾರಿಗಳು

ವೇದಿಕೆಗೆ ಬಂದ ಮಾತ್ರಕ್ಕೆ ಹೀಗೆ ಆಗಲೇಬೇಕೆಂದಿಲ್ಲ ಎಂಬುದಕ್ಕೆ ಕನ್ನಡ ರಂಗಭೂಮಿಯಲ್ಲಿಯೇ ನಿದರ್ಶನವಿದೆ. 1980ರ ದಶಕದಲ್ಲಿ ನೀನಾಸಮ್ ಮಂಚೀಕೇರಿಯ ಸಿದ್ದಿಗಳೊಡನೆ ನಡೆಸಿದ ರಂಗಕಾರ್ಯದಲ್ಲಿ, ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ನಾಟಕವು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಪ್ರಯೋಗಗೊಂಡಿತು. ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದವರು. ಕಾದಂಬರಿಯ ಇಗ್ಬೋ ಜನ ಪಶ್ಚಿಮದವರು. ಹಾಗಾಗಿ ಇಲ್ಲಿ ಆಫ್ರಿಕಾದೊಡನೆ ಏರ್ಪಟ್ಟ ಸಂಬಂಧವು ವಂಶದ್ದಲ್ಲ, ಅನುಭವದ್ದು. ವಸಾಹತುಶಾಹಿಯಿಂದ ಛಿದ್ರಗೊಂಡ ಒಂದು ಸಮಾಜದ ಕಥೆಯನ್ನು ಅದೇ ಚರಿತ್ರೆಯ ಇನ್ನೊಂದು ಕೊನೆಯಲ್ಲಿರುವವರು ಕನ್ನಡದಲ್ಲಿ ಆಡಿದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ತರಬೇತಿ ಪಡೆದು ರಂಗಭೂಮಿ ಮತ್ತು ಚಲನಚಿತ್ರಗಳಲ್ಲಿ ನಟರಾಗಿ ನೆಲೆಗೊಂಡದ್ದು ಸಿದ್ದಿ ಸಮುದಾಯಕ್ಕೂ ರಂಗಭೂಮಿಗೂ ಏರ್ಪಟ್ಟ ಈ ನಂಟಿನ ಮುಂದುವರಿಕೆ.

ನೃತ್ಯದಲ್ಲಿ ಇದಕ್ಕೆ ಸಮನಾದ ಕೆಲಸವನ್ನು ಅಮೆರಿಕದ ಕಪ್ಪು ಕಲಾವಿದರು ಬಹಳ ಹಿಂದೆಯೇ ಆರಂಭಿಸಿದರು. ಮಾನವಶಾಸ್ತ್ರ ಓದಿದ್ದ ಕ್ಯಾಥರಿನ್ ಡನಮ್ 1935-36ರಲ್ಲಿ ಹೈಟಿ ಮತ್ತು ಇತರ ಕೆರಿಬಿಯನ್ ದ್ವೀಪಗಳಲ್ಲಿ ಕ್ಷೇತ್ರಕಾರ್ಯ ನಡೆಸಿ, ಅಲ್ಲಿನ ಆಚರಣೆಗಳೊಳಗೆ ಸೇರಿ ಕಲಿತು, ಅನಂತರ ಆ ಚಲನೆಗಳಿಂದ ಒಂದು ಶಿಕ್ಷಣಕ್ರಮವನ್ನೇ ಕಟ್ಟಿದರು. ಮಾರ್ಟಿನಿಕ್‌ನ ಕಾಳಗದ ಕುಣಿತವನ್ನು ಆಧರಿಸಿದ ಅವರ ‘ಲಾಗ್ಯಾ’ 1938ರಲ್ಲಿ ಪ್ರದರ್ಶನಗೊಂಡಿತು. ಸೆನೆಗಲ್‌ನ ಜರ್ಮೇನ್ ಅಕೋನ್ಯಿ 1998ರಲ್ಲಿ ತೂಬಾಬ್ ದ್ಯಾಲಾವ್ ಎಂಬಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಪರಂಪರೆಯ ಕುಣಿತಗಳೂ ಸಮಕಾಲೀನ ನೃತ್ಯವೂ ಒಟ್ಟಿಗೆ ಕಲಿಕೆಯ ವಿಷಯಗಳಾದವು. ಫಿಲಡೆಲ್ಫಿಯಾದ ರೆನಿ ಹ್ಯಾರಿಸ್ 1992ರಲ್ಲಿ ತಂಡ ಕಟ್ಟಿ ಹಿಪ್‌ಹಾಪ್ ಕುಣಿತವನ್ನು ರಂಗದ ದೀರ್ಘಕೃತಿಗೆ ಒಗ್ಗಿಸಿದರು. ಅವರ ‘ರೋಮ್ ಅಂಡ್ ಜ್ಯೂಯಲ್ಸ್’ ಶೇಕ್ಸ್‌ಪಿಯರನ ರೋಮಿಯೊ-ಜೂಲಿಯೆಟ್ ಕಥೆಯನ್ನು ಬೀದಿಯ ಭಾಷೆಗೆ ತಂದಿತು. ಈ ಮೂವರ ಕೃತಿಗಳ ರೂಪ ಬೇರೆ ಬೇರೆಯಾದರೂ ಒಂದು ಸಮಾನ ಅಂಶವಿದೆ. ಮೂವರೂ ಮೂಲದ ಕುಣಿತವನ್ನು ಅಲಂಕಾರಕ್ಕೆಂದು ತೆಗೆದುಕೊಳ್ಳಲಿಲ್ಲ. ಅದರ ಕಲಿಕೆಯ ಕ್ರಮವನ್ನೇ ತಮ್ಮ ಕೆಲಸಕ್ಕೆ ತಳಹದಿಯಾಗಿ ಸ್ವೀಕರಿಸಿದರು.

6. ಬೀದಿಯಲ್ಲಿ ಆಗಿರುವ ಬೆರಕೆ

ರಂಗದ ಪ್ರಯೋಗಗಳಿಗಿಂತ ಮೊದಲೇ ಬೀದಿಯಲ್ಲಿ ನಡೆದುಹೋಗಿರುವ ಬೆರಕೆಯೊಂದು ಕಲ್ಯಾಣ ಕರ್ನಾಟಕದ ವಿಮರ್ಶಕರಿಗೆ ಹತ್ತಿರದಲ್ಲಿಯೇ ಇದೆ. ಕಲಬುರಗಿಯು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಸೈನ್ಯದಲ್ಲಿ ಆಫ್ರಿಕಾ ಮೂಲದವರ ಒಂದು ಅಶ್ವದಳವಿತ್ತು, ಹೈದರಾಬಾದಿನ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರು ಆ ದಳದಿಂದ ಬಂದದ್ದು. ಯೆಮನ್ನಿನ ಹದ್ರಮೌತ್‌ನಿಂದ ಬಂದ ಅರಬ್ಬರ ಮರ್ಫಾ ವಾದ್ಯಮೇಳವನ್ನು ಈ ಸಿದ್ದಿಗಳು ತಮ್ಮದಾಗಿಸಿಕೊಂಡು ಪ್ರಸಿದ್ಧಗೊಳಿಸಿದರು. ಸಂಸ್ಥಾನ ಹೋಗಿ ದಳ ಕರಗಿದ ಮೇಲೆ ಮರ್ಫಾ ಅವರಿಗೆ ಜೀವನೋಪಾಯವೂ ಆಯಿತು. ಅದರ ಲಯಗಳಲ್ಲಿ ಒಂದಾದ ತೀನ್‌ಮಾರ್ ಜಾತಿಮತಗಳ ಗಡಿ ದಾಟಿ ಮದುವೆ, ಗಣೇಶ ವಿಸರ್ಜನೆ, ಚುನಾವಣೆಯ ಗೆಲುವು ಎಲ್ಲದಕ್ಕೂ ಒದಗುವ ಕುಣಿತವಾಗಿ ಬೆಳೆಯಿತು. ಕಲಬುರಗಿಯ ಹಳೆಯ ಮೊಹಲ್ಲಾಗಳಲ್ಲಾಗಲಿ, ಜೇವರ್ಗಿ ಕಾಲೋನಿಯಂಥ ಹೊಸ ಕಾಲದ ಬಡಾವಣೆಗಳಲ್ಲಾಗಲಿ ಮೆರವಣಿಗೆಯ ಮುಂದೆ ಕುಣಿಯುವ ಯುವಕರಿಗೆ ತೀನ್‌ಮಾರ್ ಎಂದರೆ ವಿವರಣೆ ಬೇಕಿಲ್ಲ. ಅದರ ಹಿಂದೆ ಅರಬ್ಬರೂ ಹಬಶಿಗಳೂ ಇದ್ದಾರೆಂಬುದು ಮಾತ್ರ ಬಹುಮಟ್ಟಿಗೆ ಮರೆತುಹೋಗಿದೆ.

ಇದೇ ಯುವಕರ ಮೈಯೊಳಗೆ ಆಫ್ರಿಕಾ ಇನ್ನೊಂದು ದಾರಿಯಿಂದಲೂ ಬಂದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರಲ್ಲಿ ಜಮೈಕಾ ಮೂಲದ ಕೂಲ್ ಹರ್ಕ್ ಧ್ವನಿಮುದ್ರಿಕೆಗಳಲ್ಲಿ ಹಾಡು ನಿಂತು ತಾಳವಾದ್ಯ ಮಾತ್ರ ಕೇಳುವ ಭಾಗವನ್ನು ಎರಡು ಯಂತ್ರಗಳ ನೆರವಿನಿಂದ ಮತ್ತೆ ಮತ್ತೆ ನುಡಿಸಿದರು. ಆ ಭಾಗಕ್ಕೆ ಕಾದಿದ್ದು ಕುಣಿಯುತ್ತಿದ್ದವರಿಂದ ಬ್ರೇಕ್ ಕುಣಿತ ಬೆಳೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯೂ ಆಯಿತು. ಅಮೆರಿಕದ ಕಪ್ಪುಜನರ ಈ ಚಲನೆಗಳು 1990ರ ದಶಕದಲ್ಲಿ, ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರಂಥವರ ಚಲನಚಿತ್ರ ನೃತ್ಯಗಳ ಮೂಲಕ ಊರೂರಿನ ಶಾಲಾ ವಾರ್ಷಿಕೋತ್ಸವಗಳವರೆಗೆ ಹಬ್ಬಿದವು. ಬ್ರೇಕ್ ಕುಣಿತದ ವೃತ್ತವನ್ನು ‘ಸೈಫರ್’ ಎನ್ನುತ್ತಾರೆ. ಒಬ್ಬರು ನಡುವೆ ಬಂದು ಕುಣಿದು, ಇನ್ನೊಬ್ಬರಿಗೆ ಜಾಗ ಬಿಟ್ಟು, ಸುತ್ತಿನವರ ಕೂಗಿನಿಂದಲೇ ಮೆಚ್ಚುಗೆ ಪಡೆಯುವ ಆ ಕ್ರಮವು ಡಮಾಮಿಯ ಕೂಟದ ಕ್ರಮಕ್ಕೆ ತೀರ ಹತ್ತಿರವಾದದ್ದು. ಸಾಗರದ ಎರಡು ದಿಕ್ಕಿಗೆ ಚದುರಿಹೋದ ಜನರ ಕುಣಿತಗಳು ಉಡುಗೆಯಲ್ಲಿ, ವಾದ್ಯದಲ್ಲಿ, ಭಾಷೆಯಲ್ಲಿ ಹೋಲದೆ ಈ ಕ್ರಮದಲ್ಲಿ ಮಾತ್ರ ಹೋಲುತ್ತವೆ. ಸಿದ್ದಿ ಕುಣಿತವನ್ನು ಹಿಪ್‌ಹಾಪ್‌ನೊಡನೆ ಬೆರೆಸಬಯಸುವ ನೃತ್ಯಸಂಯೋಜಕರಿಗೆ ಅರಿತು ಬೆಸೆಯಬಹುದಾದ ಜಾಗ ಇದು.

ಹಾಗೆ ಬೆಸೆಯದಿದ್ದರೆ ಏನಾಗುತ್ತದೆ ಎಂಬುದೂ ಊಹೆಗೆ ನಿಲುಕದ್ದಲ್ಲ. ಮುದ್ರಿತ ಧ್ವನಿಯ ಮೇಲೆ ಎಂಟೆಂಟು ಎಣಿಕೆಗೆ ಡಮಾಮಿಯ ಭುಜಚಲನೆಯನ್ನು ಕೂಡಿಸಿದಾಗ ಹೆಜ್ಜೆ ಉಳಿಯುತ್ತದೆ, ಉತ್ತರ ಕೊಡುವ ಕೈ ಉಳಿಯುವುದಿಲ್ಲ. ಸಿದ್ದಿ ವಾದಕನನ್ನು ವೇದಿಕೆಯ ಮೂಲೆಯಲ್ಲಿ ಕೂರಿಸಿ, ಅವನ ಬಡಿತವನ್ನು ಮುದ್ರಿತ ತಾಳಕ್ಕೆ ಹೊಂದಿಸಿಕೊಳ್ಳಲು ಹೇಳಿದರೂ ಫಲ ಅದೇ. ಮೆರವಣಿಗೆಗಳಲ್ಲಿ ಮರ್ಫಾದ ಕೈಬಡಿತದ ಜಾಗಕ್ಕೆ ಡಿ.ಜೆ. ಪೆಟ್ಟಿಗೆಗಳು ಬಂದಿರುವುದು ಇದರ ಬೀದಿರೂಪ. ತೀನ್‌ಮಾರ್ ಲಯ ಅಲ್ಲಿಯೂ ಮೊಳಗುತ್ತದೆ. ಆದರೆ ಕುಣಿಯುವವರು ದಣಿದರೆ ಪೆಟ್ಟಿಗೆಗೆ ತಿಳಿಯುವುದಿಲ್ಲ, ಒಬ್ಬರು ಹೊಸ ಹೆಜ್ಜೆ ತೆಗೆದರೆ ಅದು ನಿಂತು ನೋಡುವುದಿಲ್ಲ. ತಲೆಮಾರುಗಳಿಂದ ಬಾರಿಸುತ್ತಿದ್ದ ಮನೆಗಳ ದುಡಿಮೆಯೂ ಇದರೊಡನೆ ಕುಗ್ಗುತ್ತದೆ.

7. ಸಮಾರೋಪ

ಮೇಲಿನ ಚರ್ಚೆಯಿಂದ ಬೆರಕೆಯ ಪ್ರಯೋಗಗಳನ್ನು ಬೆಲೆಕಟ್ಟಲು ಮೂರು ಪ್ರಶ್ನೆಗಳು ಹೊರಡುತ್ತವೆ. ಒಂದು, ಪ್ರಯೋಗದಲ್ಲಿ ಬಡಿತವು ಕುಣಿತಕ್ಕೆ ಉತ್ತರ ಕೊಡುತ್ತದೆಯೇ, ಅಥವಾ ಅದರ ಮೇಲೆ ಹರಿದುಹೋಗುತ್ತದೆಯೇ? ಎರಡು, ಸಿದ್ದಿ ಕಲಾವಿದರು ಅದರಲ್ಲಿ ಬಣ್ಣದ ಹಿನ್ನೆಲೆಯೇ, ಅಥವಾ ನಿರ್ಣಯ ಮಾಡುವ ಸಂಯೋಜಕರೇ? ಮೂರು, ಅಣಕ, ಹಾಸ್ಯ, ಊರಿನ ಮಾತು ಉಳಿದಿವೆಯೇ, ಅಥವಾ ಆರ್ಭಟ ಮಾತ್ರ ಉಳಿದಿದೆಯೇ? ಈ ಪ್ರಶ್ನೆಗಳಿಗೆ ಶುದ್ಧತೆಯ ಹಂಬಲವಿಲ್ಲ. ಪರ್ಶಿಯನ್ ಹೆಸರಿನ ವಾದ್ಯ, ಕೊಂಕಣದ ಪುಗಡಿ, ಅರಬ್ಬರ ಮರ್ಫಾಗಳನ್ನು ತಮ್ಮದಾಗಿಸಿಕೊಂಡ ಸಮುದಾಯಕ್ಕೆ ಹಿಪ್‌ಹಾಪ್ ಅನ್ನು ಮುಟ್ಟಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಸಿದ್ದಿ ಯುವಕನೊಬ್ಬ ಜೀನ್ಸ್ ತೊಟ್ಟು ಬ್ರೇಕ್ ಕುಣಿದರೆ ಅದು ಪರಂಪರೆಯ ನಷ್ಟವೆಂದು ಭಾವಿಸುವವರು, ಅವನು ಸೊಪ್ಪು ಉಟ್ಟು ಕುಣಿದಾಗ ಅದನ್ನು ಪರಂಪರೆಯೆಂದು ನಂಬಿದವರೇ ಆಗಿರುತ್ತಾರೆ. ಎರಡೂ ಕಡೆ ನೋಟ ಉಡುಗೆಯ ಮೇಲಿದೆ.

ಕೊನೆಯದಾಗಿ, ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳು ಮಾಡಬಹುದಾದ ಕೆಲಸ ದೊಡ್ಡದಿದೆ. ಡಮಾಮಿಯ ಬಡಿತಗಳನ್ನು ಬಾರಿಸುವವರ ಹೆಸರುಗಳೊಡನೆ, ಪೂರ್ಣ ಕೂಟದ ಅವಧಿಯಲ್ಲಿ, ಅಣಕದ ಭಾಗಗಳನ್ನೂ ಸೇರಿಸಿ ದಾಖಲಿಸಬೇಕಾಗಿದೆ. ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಮರ್ಫಾ ಬಾರಿಸುವ ಮನೆಗಳ ಚರಿತ್ರೆಯನ್ನು ಹಿರಿಯರು ಇರುವಾಗಲೇ ಬರೆದಿಡಬೇಕಾಗಿದೆ. ಉತ್ಸವಗಳ ಸಂಘಟಕರು ಕುಣಿತಕ್ಕೆ ಇನ್ನಷ್ಟು ಸಮಯ ಕೊಟ್ಟು, ಪ್ರೇಕ್ಷಕರನ್ನು ಮೂರು ಕಡೆ ಕೂರಿಸಿ, ಉಡುಗೆಯ ಆಯ್ಕೆಯನ್ನು ಕಲಾವಿದರಿಗೇ ಬಿಟ್ಟರೆ ಯಾವ ಹೆಚ್ಚಿನ ವೆಚ್ಚವೂ ಇಲ್ಲದೆ ಪ್ರದರ್ಶನದ ಸ್ವರೂಪ ಬದಲಾಗುತ್ತದೆ. ಹೊಸ ಪ್ರಯೋಗಗಳ ಕರಪತ್ರದಲ್ಲಿ ನೃತ್ಯಸಂಯೋಜಕರ ಹೆಸರಿನ ಪಕ್ಕದಲ್ಲಿಯೇ ಡಮಾಮ್ ಬಾರಿಸಿದವರ ಹೆಸರೂ ಅಚ್ಚಾಗಬೇಕು. ಕುಣಿತ, ವಾದ್ಯ, ಕೂಟ ಮೂರಕ್ಕೂ ಒಂದೇ ಪದವಿಟ್ಟುಕೊಂಡ ಪರಂಪರೆಯಲ್ಲಿ ಬಾರಿಸುವವನು ಹಿನ್ನೆಲೆಯವನಲ್ಲ, ಕೃತಿಯ ಕರ್ತೃಗಳಲ್ಲಿ ಒಬ್ಬನು.